ಶತಪದೀ ಮೀಮಾಂಸೆ ಅಥವಾ ಇನ್ನೆರಡು ಕಾಲು ಎಲ್ಲಿ ಹೋದವು

ಅನುಬಂಧ ಚತುಷ್ಟಯ

ಶಾಸ್ತ್ರ ಬರೆಯಹೊರಟವನು ಮೊದಲು ನಾಲ್ಕು ಮಾತು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿ ಮುಗಿಸುತ್ತೇನೆ. ವಿಷಯ: ಮಣ್ಣೊಳಗಿನ ಜರಿ. ಅಧಿಕಾರಿ: ಬಚ್ಚಲಿನಲ್ಲಿ ಜರಿ ಕಂಡಾಗ ಚೊಂಬು ಬಿಸಾಡಿ ಓಡದೆ ಅರೆಗಳಿಗೆಯಾದರೂ ನಿಂತು ನೋಡಿದವನು. ಸಂಬಂಧ: ನನಗೂ ಜರಿಗೂ ಬಚ್ಚಲು ಒಂದೇ. ಪ್ರಯೋಜನ: ಯೋಚಿಸುತ್ತಿದ್ದೇನೆ.

ಈ ಗ್ರಂಥದ ಎಲ್ಲೆಗಳು ಹೀಗಿವೆ. ತೆಂಕಣಕ್ಕೆ ಭಟ್ಕಳ, ಬಡಗಣಕ್ಕೆ ಕುಮಟಾ, ನಡುವೆ ಹೊನ್ನಾವರ. ಮೂಡಣಕ್ಕೆ ಘಟ್ಟ, ಪಡುವಣಕ್ಕೆ ಸಮುದ್ರ. ಕೆಳಕ್ಕೆ ಗುದ್ದಲಿ ಎಷ್ಟು ಇಳಿಯುತ್ತದೋ ಅಷ್ಟು. ಚಿರೆಕಲ್ಲು ಠಣ್ ಎಂದ ಕಡೆ ಸಂಶೋಧನೆ ನಿಲ್ಲಿಸಲಾಗಿದೆ.

ಸಂಶೋಧನೆಯ ಹುಟ್ಟು

ಘನವಾದ ಸಂಶೋಧನೆಗಳು ಸೇಬು ಬಿದ್ದೋ ತೊಟ್ಟಿಯ ನೀರು ಚೆಲ್ಲಿಯೋ ಹುಟ್ಟಿದವಂತೆ. ಇದು ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಹುಟ್ಟಿತು. 625ಕ್ಕೆ 625 ತೆಗೆದ ಮಕ್ಕಳ ಫೋಟೊವನ್ನು ಪೇಪರಿನಲ್ಲಿ ನೋಡಿ ನೋಡಿ ರೂಢಿಯಾದ ಜಿಲ್ಲೆ ನಮ್ಮದು. ಅಣ್ಣನ ಮಗಳಿಗೆ ಗಣಿತದಲ್ಲಿ ತೊಂಬತ್ತೆಂಟು ಬಂತು. ಎರಡು ವರ್ಷದಿಂದ ಮಂಡಿನೋವಿನಿಂದಾಗಿ ಜಗಲಿಯ ಮೂಲೆ ಬಿಟ್ಟೇಳದೆ, ಅಲ್ಲಿಂದಲೇ ಮನೆ, ತೋಟ, ಕೊಟ್ಟಿಗೆ ಮೂರನ್ನೂ ಆಳುತ್ತಿರುವ ದೊಡ್ಡಮ್ಮ ಕವಳ ಹಾಕುತ್ತ ಕೇಳಿದಳು: "ಇನ್ನೆರಡು ಎಲ್ಲಿ ಹೋತು ಕೂಸೇ?"

ಕೂಸು ಮುಖ ಊದಿಸಿಕೊಂಡು ಒಳಗೆ ಹೋಯಿತು. ಪಕ್ಷ ವಹಿಸುವ ಧೈರ್ಯವಿಲ್ಲದ ನಾನು ತೋಟಕ್ಕೆ ಇಳಿದೆ. ಅಡಿಕೆಮರದ ಬುಡದ ದರಕು ಸರಿಸಿದಾಗ ಅದು ಸಿಕ್ಕಿತು. ಎರಡು ಇಂಚಿನ ಉದ್ದ, ಒಣಶಾವಿಗೆಯ ಬಣ್ಣದ ಮೈ, ಅದಕ್ಕೆ ಬೇರೆಲ್ಲಿಂದಲೋ ತಂದು ಜೋಡಿಸಿದಂಥ ಕೆಂಗಂದು ತಲೆ. ಎರೆಹುಳವೆನ್ನೋಣವೆಂದರೆ ಎರಡೂ ಮಗ್ಗುಲಲ್ಲಿ ಏನೋ ಮಿಡುಕುತ್ತಿತ್ತು. ಅಡಿಕೆಹಾಳೆಯ ಮೇಲೆ ಎತ್ತಿಕೊಂಡು, ಮೊಬೈಲಿನಲ್ಲಿ ಫೋಟೊ ಹೊಡೆದು, ದೊಡ್ಡದು ಮಾಡಿ ಎಣಿಸಿದೆ. ಒಂದು ಮಗ್ಗುಲಿಗೆ ನಲವತ್ತೊಂಬತ್ತು. ಎರಡೂ ಸೇರಿ ತೊಂಬತ್ತೆಂಟು.

ನಮ್ಮ ಪಠ್ಯಪುಸ್ತಕ ಶತಪದಿ ಎಂದು ಕರೆದ ಪ್ರಾಣಿಗೂ ಎರಡು ಕಡಿಮೆ! ಮುಂದಿನದೆಲ್ಲ ಆ ಎರಡರ ಹುಡುಕಾಟ.

ನಾಮಾಧಿಕರಣ

ಪೂರ್ವಪಕ್ಷ: ನೂರು ಕಾಲಿರುವುದರಿಂದ ಶತಪದಿ. ಸಿದ್ಧಾಂತ: ಜರಿಗಳ ವಂಶದಲ್ಲಿ ನೂರು ಕಾಲಿನದು ಇರಕೂಡದು. ಕಾರಣ, ಬೆಳೆದ ಜರಿಗೆ ಕಾಲಿನ ಜೊತೆಗಳು ಯಾವಾಗಲೂ ಬೆಸಸಂಖ್ಯೆ: ಹದಿನೈದು, ಇಪ್ಪತ್ತೊಂದು, ಇಪ್ಪತ್ತಮೂರು, ಮಣ್ಣಿನ ಜರಿಗಳಲ್ಲಿ ಇಪ್ಪತ್ತೇಳರಿಂದ ನೂರತೊಂಬತ್ತೊಂದರವರೆಗೆ. ನೂರು ಕಾಲೆಂದರೆ ಐವತ್ತು ಜೊತೆ. ಐವತ್ತು ಸಮಸಂಖ್ಯೆ. ಹುಟ್ಟುವಾಗಲೇ ಎಡವಟ್ಟಾದ ಅಪರೂಪದ ಒಂದೆರಡನ್ನು ಬಿಟ್ಟರೆ ಈ ಕಟ್ಟಳೆ ಮುರಿದ ಜರಿಯಿಲ್ಲ. ನಲವತ್ತೊಂಬತ್ತು ಜೊತೆಯದಕ್ಕೆ ತೊಂಬತ್ತೆಂಟು, ಐವತ್ತೊಂದು ಜೊತೆಯದಕ್ಕೆ ನೂರೆರಡು. ನೂರರ ಎರಡೂ ಪಕ್ಕದ ಮನೆಗಳಲ್ಲಿ ಜನ ಇದ್ದಾರೆ, ನೂರನೆಯ ಮನೆಗೆ ಮಾತ್ರ ಬೀಗ.

ಸಂಸ್ಕೃತದವರು ಶತಪದೀ ಎಂದರು, ಲ್ಯಾಟಿನ್ನಿನವರು ಸೆಂಟಿಪೀಡಾ ಎಂದರು, ಇಂಗ್ಲಿಷಿನವರು ಅದನ್ನೇ ಎತ್ತಿಕೊಂಡರು. ಬೇರೆ ಬೇರೆ ಬೆಂಚಿನಲ್ಲಿ ಕೂತ ಮೂವರು ಒಂದೇ ತಪ್ಪು ಉತ್ತರ ಬರೆದರೆ ಅದಕ್ಕೆ ಏನೆನ್ನುತ್ತಾರೆಂದು ಪರೀಕ್ಷಾ ಕೊಠಡಿಯ ಯಾವ ಮೇಲ್ವಿಚಾರಕರನ್ನು ಕೇಳಿದರೂ ಹೇಳುತ್ತಾರೆ. ಕನ್ನಡದ ಜರಿ ಮಾತ್ರ ಎಣಿಕೆಯ ಗೋಜಿಗೇ ಹೋಗಲಿಲ್ಲ. ಸೀರೆಯ ಅಂಚಿನದೂ ಜರಿ, ಇನ್ನೊಬ್ಬರನ್ನು ಹೀಯಾಳಿಸುವುದೂ ಜರಿ, ಇದೂ ಜರಿ. ಮದುವೆಮನೆಯಲ್ಲಿ ಮೂರೂ ಒಟ್ಟಿಗೆ ಸಿಗುವುದುಂಟು.

ಹೆಸರು ನಂಬಿ ಕೆಟ್ಟವರಲ್ಲಿ ನಾವೇ ಮೊದಲಿಗರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ, ಲಿವರ್‌ಪೂಲಿನ ಪೇಟೆಗಳಲ್ಲಿ 'ಕುಮಟಾ ಹತ್ತಿ' ಎಂಬ ಸರಕು ಹೆಸರುವಾಸಿಯಾಗಿತ್ತು. ಅದು ಕುಮಟೆಯಲ್ಲಿ ಒಂದು ಗಿಡದಲ್ಲೂ ಕಾಯಿ ಬಿಟ್ಟದ್ದಲ್ಲ. ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬೆಳೆದು, ಗಾಡಿಯಲ್ಲಿ ಘಟ್ಟ ಇಳಿದು, ಕುಮಟೆಯಲ್ಲಿ ಹಡಗು ಹತ್ತಿದ ತಪ್ಪಿಗೆ ಆ ಹೆಸರು ಹೊತ್ತಿತು. ಹತ್ತಿಯಿಲ್ಲದ ಊರಿನದು ಕುಮಟಾ ಹತ್ತಿಯಾದರೆ ನೂರಿಲ್ಲದ ಹುಳ ಶತಪದಿಯಾಗಲು ಅಡ್ಡಿಯೇನು?

ಇಷ್ಟಾದರೂ ಜರಿಗಳ ಪುರಾಣದಲ್ಲಿ ಒಂದೇ ಒಂದು ನಿಜವಾದ ನೂರು ನನಗೆ ಸಿಕ್ಕಿದೆ. ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದದ ಹೆಸರಿಡುವಾಗ ಸ್ಕೊಲೊಪೆಂಡ್ರಾ ಫಾಸ್ಫೋರಿಯಾ ಎಂಬ ಹೊಳೆಯುವ ಜರಿಯೊಂದನ್ನು ಪಟ್ಟಿಗೆ ಸೇರಿಸಿದ. ಅದರ ವಾಸಸ್ಥಳದ ಬಗ್ಗೆ ಅವನು ಕೊಟ್ಟ ವಿವರ: ದಡದಿಂದ ನೂರು ಮೈಲಿ ದೂರ ಸಾಗುತ್ತಿದ್ದ ಹಡಗಿನ ಮೇಲೆ ಆಕಾಶದಿಂದ ಬಿತ್ತು. ಮಣ್ಣು ಬಿಟ್ಟು ಬದುಕದ ಪ್ರಾಣಿಯನ್ನು ವಿಜ್ಞಾನ ಆಕಾಶದಿಂದ ಇಳಿಸಿಕೊಂಡಿತು. ಹಡಗಿನಲ್ಲಿ ಮಣ್ಣು ಮೆತ್ತಿದ ಗಿಡವೋ ಮೂಟೆಯೋ ಏನಾದರೂ ಇತ್ತೇ ಎಂದು ಯಾರೂ ಇಣುಕಿ ನೋಡಿದಂತಿಲ್ಲ. ನಮ್ಮ ದೊಡ್ಡಮ್ಮ ಆ ಹಡಗಿನಲ್ಲಿದ್ದಿದ್ದರೆ ಎಲ್ಲ ಮೂಟೆಗಳನ್ನೂ ಕೊಡವಿಸುತ್ತಿದ್ದಳು.

ವರ್ಗೀಕರಣ

ನಮ್ಮವರ ಹಳೆಯ ವಿಂಗಡಣೆ ಸುಶ್ರುತನದು. ಕಲ್ಪಸ್ಥಾನದಲ್ಲಿ ಅವನು ಎಂಟು ಬಗೆಯ ಶತಪದಿಗಳನ್ನು ಹೇಳುತ್ತಾನೆ: ಪರುಷಾ, ಕೃಷ್ಣಾ, ಚಿತ್ರಾ, ಕಪಿಲಾ, ಪೀತಿಕಾ, ರಕ್ತಾ, ಶ್ವೇತಾ, ಅಗ್ನಿಪ್ರಭಾ. ಮೊದಲನೆಯದನ್ನು ಬಿಟ್ಟರೆ ಎಲ್ಲವೂ ಬಣ್ಣದ ಲೆಕ್ಕ. ಕಾಲು ಎಣಿಸುವ ತಂಟೆಗೆ ಹೋಗದ ವೈದ್ಯನ ಜಾಣತನ ಮೆಚ್ಚಬೇಕಾದ್ದು, ಕಚ್ಚಿಸಿಕೊಂಡು ಬಂದವನು ಬಣ್ಣ ಹೇಳಿಯಾನು, ಕಾಲಿನ ಲೆಕ್ಕ ಹೇಳಲಾರ. ಇದು ಅಡಿಕೆ ಮಂಡಿಯವರ ಪದ್ಧತಿಯೂ ಹೌದು. ಹೊಸ ಚಾಲಿ, ಹಳೆ ಚಾಲಿ, ಕೋಕಾ, ಚಿಪ್ಪು ಎಂದು ಕಣ್ಣಳತೆಯಲ್ಲೇ ರಾಶಿ ಹಾಕುವ ಕುಮಟೆಯ ದಲಾಲರಿಗೆ ಒಂದು ಬುಟ್ಟಿ ಜರಿ ಕೊಟ್ಟರೆ ಮಧ್ಯಾಹ್ನದೊಳಗೆ ಸುಶ್ರುತನ ಎಂಟೂ ರಾಶಿಗಳನ್ನು ಮಾಡಿ, ಮೇಲೆ ತೂಕದ ಚೀಟಿಯನ್ನೂ ಕೊಟ್ಟಾರು.

ದೊಡ್ಡಮ್ಮನದು ಎರಡೇ ವರ್ಗ. "ಮನೆಯೊಳಗೆ ಬಪ್ಪದು ಒಂದು, ಬರದ್ದೆ ಇಪ್ಪದು ಒಂದು." ಮೊದಲನೆಯದರಲ್ಲಿ ಚಪ್ಪಲಿಗೆ ತಕ್ಕದ್ದು, ಪೊರಕೆಗೆ ತಕ್ಕದ್ದು ಎಂದು ಎರಡು ಉಪವರ್ಗ. ನಾನು ಓದಿದ ಎಲ್ಲ ವರ್ಗೀಕರಣಗಳಲ್ಲಿ ದಿನಬಳಕೆಗೆ ಒದಗುವುದು ಇದೊಂದೇ ಎಂಬುದನ್ನು ಶಾಸ್ತ್ರಕಾರನ ಮುಖಭಂಗವನ್ನೂ ಲೆಕ್ಕಿಸದೆ ದಾಖಲಿಸುತ್ತಿದ್ದೇನೆ.

ಈಗಿನ ಪಂಡಿತರು ಬದುಕಿರುವ ಜರಿಗಳನ್ನು ಐದು ಗಣಗಳಾಗಿ ಮಾಡಿದ್ದಾರೆ. ಸ್ಕುಟಿಜೆರೊಮಾರ್ಫಾ ಗೋಡೆಯ ಮೇಲೆ ಉದ್ದುದ್ದ ಕಾಲಿನಲ್ಲಿ ಓಡುವಂಥದ್ದು. ಲಿಥೊಬಿಯೊಮಾರ್ಫಾ ಕಲ್ಲಿನಡಿಯದು. ಕ್ರೆಟೆರೊಸ್ಟಿಗ್ಮೊಮಾರ್ಫಾ ಟಾಸ್ಮೇನಿಯಾ ಮತ್ತು ನ್ಯೂಜಿಲೆಂಡ್ ಬಿಟ್ಟು ಹೊರಗೆ ಕಾಲಿಡದ್ದರಿಂದ ದೊಡ್ಡಮ್ಮನ ಎರಡನೆಯ ವರ್ಗಕ್ಕೆ ಸೇರುತ್ತದೆ. ಈ ಮೂರಕ್ಕೂ ಹದಿನೈದೇ ಜೊತೆ. ನಾಲ್ಕನೆಯದು ಸ್ಕೊಲೊಪೆಂಡ್ರೊಮಾರ್ಫಾ: ಸೌದೆ ತೆಗೆಯುವಾಗ ಕೈಗೆ ಕಚ್ಚಿ ರಾತ್ರಿಯೆಲ್ಲ ಎಚ್ಚರ ಇಡಿಸುವ ದಪ್ಪ ಜರಿ, ಚಪ್ಪಲಿ ಉಪವರ್ಗ. ನಮ್ಮ ಘಟ್ಟದ ಈ ದಪ್ಪ ಜರಿಗಳಿಗೆ ಒಳ್ಳೆಯ ಯೋಗವಿದೆ. ಜಾಹ್ನವಿ ಜೋಶಿ ಮತ್ತು ಗ್ರೆಗರಿ ಎಜ್‌ಕೂಂಬ್ 2018ರಲ್ಲಿ ಒಂದು ಹೊಸ ಪ್ರಭೇದಕ್ಕೆ ಎಥ್ಮೊಸ್ಟಿಗ್ಮಸ್ ಸಹ್ಯಾದ್ರೆನ್ಸಿಸ್ ಎಂದು ಸಹ್ಯಾದ್ರಿಯ ಹೆಸರನ್ನೇ ಇಟ್ಟರು. ಕಚ್ಚುವವರನ್ನು ಲೋಕ ಬೇಗ ಗುರುತಿಸುತ್ತದೆ.

ಐದನೆಯದು ನಮ್ಮದು, ಜಿಯೊಫಿಲೊಮಾರ್ಫಾ. ಸಾವಿರದ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿರುವ ದೊಡ್ಡ ಕುಟುಂಬಸ್ಥ ಗಣ. ಗ್ರೀಕಿನಲ್ಲಿ ಹೆಸರಿನ ಅರ್ಥ ಭೂಮಿಯನ್ನು ಪ್ರೀತಿಸುವಂಥದ್ದು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ. ಬೇಲಿಯನ್ನು ವರ್ಷಕ್ಕೊಂದು ಗೇಣು ಆಚೆ ನೆಡುವವರು, ಗಡಿಕಲ್ಲು ರಾತ್ರಿ ನಡೆಯುತ್ತದೆಂದು ನಂಬಿಸುವವರು, ಮೂರು ತಲೆಮಾರಿನ ಬೇಲಿ ವ್ಯಾಜ್ಯದ ಕಡತವನ್ನು ಬಗಲಲ್ಲಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವವರು ಎಲ್ಲರೂ ಜಿಯೊಫಿಲೊಮಾರ್ಫಾಗಳೇ ಆಗಬೇಕಾಗುತ್ತದೆ. ದೋಷ ಪರಿಹಾರಕ್ಕಾಗಿ 'ಕಣ್ಣಿಲ್ಲದ' ಎಂಬ ವಿಶೇಷಣ ಸೇರಿಸಿ ನೋಡಿದೆ. ಆದರೂ ಅವರನ್ನು ಹೊರಗಿಡಲಾಗಲಿಲ್ಲ.

ನಾನು ಎಣಿಸಿದ್ದು ಈ ಗಣದ ಮೆಸಿಸ್ಟೊಸೆಫಾಲಸ್ ಕುಲದ್ದೆಂದು ತೀರ್ಮಾನಿಸಿದ್ದೇನೆ. ಜಾರ್ಜ್ ನ್ಯೂಪೋರ್ಟ್ ಎಂಬ ಇಂಗ್ಲಿಷಿನವನು 1843ರಲ್ಲಿ ಇಟ್ಟ ಈ ಹೆಸರಿಗೆ ಉದ್ದತಲೆಯದು ಎಂದು ಅರ್ಥ. ಈ ಕುಲದ ಹೆಚ್ಚಿನ ಪ್ರಭೇದಗಳಿಗೆ ನಲವತ್ತೊಂಬತ್ತೇ ಜೊತೆ. ಗಂಡಾದರೂ ಅಷ್ಟೇ, ಹೆಣ್ಣಾದರೂ ಅಷ್ಟೇ, ಮೊಟ್ಟೆಯೊಡೆದು ಹೊರಬಂದ ಮರಿಗೂ ಅಷ್ಟೇ. ದುಡಿದು ಹೆಚ್ಚಿಸಿಕೊಳ್ಳುವಂತಿಲ್ಲ, ಟ್ಯೂಷನ್ನಿಗೆ ಹೋದರೂ ಏರುವುದಿಲ್ಲ. ಮಣ್ಣಿನ ಜರಿಗಳ ಬೇರೆ ಮನೆತನಗಳಲ್ಲಿ ಇಷ್ಟು ಬಿಗಿಯಿಲ್ಲ. ಅಲ್ಲಿ ಸಾಮಾನ್ಯವಾಗಿ ಹೆಣ್ಣಿಗೇ ಕಾಲು ಹೆಚ್ಚು. ಕಾರಣ ಕೇಳಿದಾಗ ದೊಡ್ಡಮ್ಮ ಕವಳ ಉಗಿದು ಬಂದು ಹೇಳುವೆನೆಂಬ ಸನ್ನೆ ಮಾಡಿದಳು, ಅದಕ್ಕೆ ಏಳಲಾರಳಾದ್ದರಿಂದ ಉತ್ತರ ಬಾಕಿಯಿದೆ.

ಒಂದು ಉಪಸಿದ್ಧಾಂತ ಇಲ್ಲೇ ಹುಟ್ಟಿ ಇಲ್ಲೇ ಸತ್ತಿತು. ಬ್ರಿಟನ್ನಿನ ಕಡಲದಂಡೆಯ ನೊರಜುಕಲ್ಲುಗಳ ಅಡಿಯಲ್ಲಿ ಸ್ಟ್ರಿಗೇಮಿಯ ಮರಿಟಿಮಾ ಎಂಬ ಮಣ್ಣಿನ ಜರಿಯಿದೆ. ಉತ್ತರದಿಂದ ದಕ್ಷಿಣಕ್ಕೆ ಬಂದಂತೆ, ಸೆಕೆ ಹೆಚ್ಚಿದಂತೆ, ಅದರ ಕಾಲುಗಳೂ ಹೆಚ್ಚುತ್ತವೆ. ಹಾಗಾದರೆ ಕುಮಟೆಗಿಂತ ಹೊನ್ನಾವರದ್ದಕ್ಕೆ, ಹೊನ್ನಾವರಕ್ಕಿಂತ ಭಟ್ಕಳದ್ದಕ್ಕೆ ಹೆಚ್ಚು ಕಾಲಿರಬೇಕಲ್ಲವೇ? ಕುಮಟೆಯ ಹಂದಿಗೋಣದ ಈರುಳ್ಳಿ ಬೆಳೆವ ಮರಳುಮಣ್ಣು, ಹೊನ್ನಾವರದ ಅಡಿಕೆತೋಟ, ಭಟ್ಕಳದ ಮಲ್ಲಿಗೆಯ ಬುಡ ಮೂರನ್ನೂ ಕೆದಕಿದೆ. ಈರುಳ್ಳಿಯವರು ಕಳ್ಳನೆಂದರು, ಮಲ್ಲಿಗೆಯವರು ಹೂವಿನ ದರ ಕೇಳಲು ಬಂದವನೆಂದರು. ಸಿಕ್ಕಿದ ಕೆಂದಲೆಯವಕ್ಕೆಲ್ಲ ನಲವತ್ತೊಂಬತ್ತೇ. ಅರವತ್ತು ಕಿಲೋಮೀಟರಿನಲ್ಲಿ ಸೆಕೆ ಏರುವುದಿಲ್ಲ, ಬಸ್ಸಿನೊಳಗೆ ಮಾತ್ರ ಏರುತ್ತದೆ.

ಬೆಸಸಂಖ್ಯೆಯ ಗುಟ್ಟನ್ನೂ ಹೇಳಬೇಕು. ಅದೇ ಸ್ಟ್ರಿಗೇಮಿಯದ ಭ್ರೂಣಗಳನ್ನು ಪರೀಕ್ಷಿಸಿದವರು 2004ರಲ್ಲಿ ಪ್ರಕಟಿಸಿದಂತೆ, ಮೈಯ ಖಂಡಗಳು ಒಂದೊಂದಾಗಿ ಅಲ್ಲ, ಎರಡೆರಡಾಗಿ ಮೂಡುತ್ತವೆ. ಬೆಸದಿಂದ ಹೊರಟು ಎರಡೆರಡು ಸೇರಿಸಿದರೆ ಕೊನೆಗೂ ಬೆಸವೇ. ಒಬ್ಬರನ್ನು ಕರೆದರೆ ಇಬ್ಬರು ಬರುವ ನಮ್ಮ ಊರಿನ ಊಟದ ಪಂಕ್ತಿಯ ಲೆಕ್ಕ ಇದು. ನಲವತ್ತೊಂಬತ್ತರ ಮುಂದೆ ಐವತ್ತನೆಯ ಎಲೆ ಒಂಟಿಯಾಗಿ ಬೀಳುವುದೇ ಇಲ್ಲ.

ಕಣ್ಣಿನ ಅಧ್ಯಾಯ

ಇಲ್ಲ.

ಶರೀರರಚನೆ

ಮಣ್ಣಿನ ಜರಿಯ ದೇಹ ಅರ್ಥವಾಗಬೇಕಾದರೆ ಹೊನ್ನಾವರದ ಶರಾವತಿಯ ದಡದಲ್ಲಿ ನಿಂತು ಕೊಂಕಣ ರೈಲ್ವೆಯ ಸೇತುವೆಯ ಮೇಲೆ ಗೂಡ್ಸು ಗಾಡಿ ಹೋಗುವುದನ್ನು ನೋಡಬೇಕು. ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ನೋಡಲು ಸಮಯ ಸಿಗುತ್ತದೆ. ಒಂದರ ಹಿಂದೊಂದು ಒಂದೇ ಅಚ್ಚಿನ ಡಬ್ಬಿಗಳು. ಜರಿಯಲ್ಲೂ ಡಬ್ಬಿಗೊಂದು ಜೊತೆ ಕಾಲು, ಡಬ್ಬಿಗೊಂದು ನರಗಂಟು, ಮೊದಲ ಮತ್ತು ಕೊನೆಯ ಡಬ್ಬಿ ಬಿಟ್ಟು ಉಳಿದವಕ್ಕೆಲ್ಲ ಮಗ್ಗುಲಲ್ಲಿ ಉಸಿರಾಡುವ ಕಿಟಕಿ. ಉದ್ದಕ್ಕೂ ಬೆನ್ನಡಿಯಲ್ಲಿ ಹೃದಯದ ಕೊಳವೆ, ಅದರ ಕೆಳಗೆ ಸೀದಾ ಹೋಗುವ ಕರುಳು. ವ್ಯತ್ಯಾಸವೆಂದರೆ ಈ ಗಾಡಿಗೆ ಹಳಿಯಿಲ್ಲ. ಎರೆಹುಳದ ಹಾಗೆ ಮೈ ಕುಗ್ಗಿಸಿ ದಪ್ಪವಾಗಿ ಮಣ್ಣನ್ನು ಅಗಲಿಸುತ್ತದೆ, ಸಣ್ಣವಾಗಿ ಮುಂದೆ ತೂರುತ್ತದೆ, ಮತ್ತೆ ದಪ್ಪವಾಗುತ್ತದೆ. ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಕುಡಿದ ನಮ್ಮ ಮಣ್ಣಿನಲ್ಲಿ ಇದು ಸಲೀಸು. ಬೇಸಿಗೆಯಲ್ಲಿ ಅದೇ ಮಣ್ಣು ಒಲೆಯ ಮೇಲಿನ ಕಾವಲಿಯಾದಾಗ ಜರಿ ಆಳಕ್ಕೆ ಇಳಿಯುತ್ತದೆ, ಇಲ್ಲವೆ ನೀರಿನ ವಾಸನೆ ಹಿಡಿದು ಬಚ್ಚಲಿಗೆ ಬಂದು ಮೊದಲ ವರ್ಗಕ್ಕೆ ಬಡ್ತಿ ಪಡೆಯುತ್ತದೆ.

ತಲೆಯ ಮುಂದೆ ಎರಡು ಮೀಸೆ, ಒಂದೊಂದರಲ್ಲಿ ಹದಿನಾಲ್ಕು ಗಿಣ್ಣು. ಈ ಗಣದ ಎಲ್ಲಕ್ಕೂ ಹದಿನಾಲ್ಕೇ. ತ್ರಿವುಡೆ ತಾಳದ ಎರಡು ಆವರ್ತ ಎಂದು ಯಕ್ಷಗಾನ ಬಲ್ಲ ಗೆಳೆಯನೊಬ್ಬ ಬೆರಳು ಮಡಿಸಿ ತೋರಿಸಿದ. ಕೆರೆಮನೆಯ ಮೇಳ ಹುಟ್ಟಿದ ತಾಲೂಕಿನಲ್ಲಿ ಹುಳವೂ ತಾಳ ತಪ್ಪುವುದಿಲ್ಲವೆಂದು ಅವನ ವಾದ. ಕಾಲಜ್ಞಾನದ ಮಾತು ಮಾತ್ರ ಬೇರೆ. 2014ರಲ್ಲಿ ಸ್ಟ್ರಿಗೇಮಿಯದ ಜೀನೋಮನ್ನು ಪೂರ್ತಿ ಓದಿ ನೋಡಿದರು. ಸುಮಾರು ಹದಿನೈದು ಸಾವಿರ ಜೀನುಗಳಲ್ಲಿ ಬೆಳಕು ಹಿಡಿಯುವ ಪರಿಚಿತ ಜೀನುಗಳೂ ಇರಲಿಲ್ಲ, ಉಳಿದ ಪ್ರಾಣಿಗಳಿಗೆ ಹಗಲು ರಾತ್ರಿಯ ಲೆಕ್ಕ ಹೇಳುವ ದೇಹದ ಗಡಿಯಾರದ ಜೀನುಗಳೂ ಇರಲಿಲ್ಲ. ಕತ್ತಲಲ್ಲೇ ಬಾಳುವವನಿಗೆ ಗಡಿಯಾರ ಯಾಕೆಂದು ಪ್ರಕೃತಿ ಬಿಚ್ಚಿಕೊಂಡು ಹೋಗಿದೆ. ಒಂಬತ್ತೂವರೆಗೆ ಆಟ ಶುರು ಎಂದು ಕರಪತ್ರ ಹಂಚಿ ಹನ್ನೊಂದಕ್ಕೆ ಚಂಡೆ ಬಿಗಿಯುವವರ ಜೀನೋಮನ್ನೂ ಒಮ್ಮೆ ನೋಡಿಸಬಹುದು.

ಹಲವು ಮಣ್ಣಿನ ಜರಿಗಳಿಗೆ ಹೊಟ್ಟೆಯ ಕೆಳಗೆ ಡಬ್ಬಿ ಡಬ್ಬಿಗೂ ಅಂಟುರಸದ ಗ್ರಂಥಿಗಳಿವೆ. ಇರುವೆ, ಜೀರುಂಡೆ ಮೈಮೇಲೆ ಬಿದ್ದರೆ ಈ ರಸ ಬಾಯಿ ಕಟ್ಟಿಸುತ್ತದೆ. ಕೆಲವದರಲ್ಲಿ ಸಯನೈಡು ಇದೆ. ಆರ್ಫ್ನಿಯಸ್ ಬ್ರೆವಿಲೇಬಿಯೇಟಸ್ ಎಂಬ ಉಷ್ಣದೇಶಗಳ ಜರಿಯದು ಇನ್ನೂ ಸೊಗಸು. ಭಾರತದಲ್ಲೂ ಇರುವ ಇದನ್ನು ಕತ್ತಲಲ್ಲಿ ಕೆಣಕಿದರೆ ರಸ ಹಸಿರಾಗಿ ಹೊಳೆಯುತ್ತದೆ, ಓಡಿದ ದಾರಿಯೂ ಹೊಳೆಯುತ್ತದೆ. ಹೀಗೆ ಹೊಳೆಯುವ ಹುಳಕ್ಕೆ ಇಟ್ಟ ಆರ್ಫ್ನಿಯಸ್ ಎಂಬ ಗ್ರೀಕ್ ಹೆಸರಿನ ಅರ್ಥ ಕಗ್ಗತ್ತಲಿನದು. ಲಿನೇಯಸ್‌ನ ಆಕಾಶದ ಜರಿ ಇದೇ ಇರಬೇಕೆಂದು, ಸುಶ್ರುತನ ಅಗ್ನಿಪ್ರಭೆಯ ಮೇಲೂ ಇದರದೇ ನೆರಳು ಬಿದ್ದಿದೆಯೆಂದು ನನ್ನ ಗುಮಾನಿ. ಆದರೆ ಅಗ್ನಿಪ್ರಭೆ ಕಚ್ಚಿದರೆ ಉರಿ, ಮೂರ್ಛೆ ಎಂದಿದ್ದಾನೆ ಸುಶ್ರುತ. ಇದರ ಹಲ್ಲು ನಮ್ಮ ಚರ್ಮಕ್ಕೆ ಇಳಿಯುವುದೇ ಕಷ್ಟ. ಗುಮಾನಿ ಗುಮಾನಿಯಾಗಿಯೇ ಇರಲಿ.

ಸಂಸಾರದ ವಿಷಯ ಚುಟುಕಾಗಿ ಹೇಳುತ್ತೇನೆ. ಗಂಡು ಪುಟ್ಟ ಬಲೆ ನೇಯ್ದು ಅದರ ಮೇಲೆ ವೀರ್ಯದ ಪೊಟ್ಟಣ ಇಟ್ಟು ಹೋಗುತ್ತದೆ, ಹೆಣ್ಣು ಬಂದು ಎತ್ತಿಕೊಳ್ಳುತ್ತದೆ. ಜಾತಕವಿಲ್ಲ, ದಿಬ್ಬಣವಿಲ್ಲ, ಊಟದ ಬಗ್ಗೆ ಆಕ್ಷೇಪವಿಲ್ಲ. ಆಮೇಲೆ ತಾಯಿ ಮಣ್ಣಿನ ಗೂಡಿನಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡು, ಬೂಸ್ಟು ಹಿಡಿಯದಂತೆ ನೆಕ್ಕುತ್ತ ವಾರಗಟ್ಟಲೆ ಕಾಯುತ್ತದೆ. ಉಳಿದ ಮನೆತನಗಳ ತಾಯಂದಿರು ಬೆನ್ನನ್ನು ಮೊಟ್ಟೆಯ ಕಡೆ ಮಾಡಿ ಗ್ರಂಥಿಗಳಿರುವ ಹೊಟ್ಟೆಯನ್ನು ಶತ್ರುವಿನ ಕಡೆ ತಿರುಗಿಸುತ್ತವೆ. ನಮ್ಮ ಕೆಂದಲೆಯದು ಮಾತ್ರ ಮೊಟ್ಟೆಗಳನ್ನು ಹೊಟ್ಟೆಗವಚಿ, ನಲವತ್ತೊಂಬತ್ತು ಜೊತೆ ಕಾಲುಗಳಲ್ಲೂ ತಬ್ಬಿಕೊಂಡಿರುತ್ತದೆ. ಇದನ್ನು ಓದಿದ ರಾತ್ರಿ ನಾನು ಬಚ್ಚಲಿಗೆ ಬಿಸಿನೀರು ಹೊಯ್ಯುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಇದು ಇನ್ನೂ ಗೊತ್ತಾಗಿಲ್ಲ.

ಮರುಮೌಲ್ಯಮಾಪನ

ತಲೆಯ ಕೆಳಗಿನ ವಿಷದ ಕೊಕ್ಕೆಗಳನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ. ನೋಡುವವರು ಅವನ್ನು ಹಲ್ಲೆನ್ನುತ್ತಾರೆ. ಹಲ್ಲಲ್ಲ. ಅವು ತಲೆಗೆ ಸೇರಿದವೇ ಅಲ್ಲ. ಕತ್ತಿನ ಹಿಂದಿನ ಮೊಟ್ಟಮೊದಲ ಡಬ್ಬಿಯ ಕಾಲುಗಳು. ಕೋಟ್ಯಂತರ ವರ್ಷಗಳ ಹಿಂದೆಯೇ ನಡೆಯುವ ಕೆಲಸ ಬಿಟ್ಟು, ಮುಂದಕ್ಕೆ ಬಾಗಿ, ವಿಷದ ಚೀಲ ತುಂಬಿಕೊಂಡು, ಎರೆಹುಳಕ್ಕೆ ಚುಚ್ಚುವ ಕೆಲಸಕ್ಕೆ ಸೇರಿಕೊಂಡವು. ಲೆಕ್ಕ ಬರೆಯುವವರು ಇವನ್ನು ಕಾಲಿನ ಪಟ್ಟಿಯಿಂದ ಬಿಡುತ್ತಾರೆ.

ಬಿಟ್ಟದ್ದನ್ನು ಸೇರಿಸಿದರೆ? ನಡೆಯುವ ನಲವತ್ತೊಂಬತ್ತು, ಚುಚ್ಚುವ ಒಂದು. ಐವತ್ತು ಜೊತೆ. ನೂರು!

ತೋಟದಿಂದ ಮನೆಗೆ ಓಡಿದೆ. ಕೂಸನ್ನು ಕರೆದೆ, ಹಾಳೆಯನ್ನು ಜಗಲಿಯ ಮೇಲಿಟ್ಟೆ, ಮೊಬೈಲು ತೋರಿಸಿದೆ, ಎಣಿಸುವವರ ತಪ್ಪು, ಉತ್ತರಪತ್ರಿಕೆಯ ಮೊದಲ ಪುಟವನ್ನೇ ತಿರುವಿಹಾಕಿದ್ದಾರೆ, ಎರಡು ಮಾರ್ಕ್ಸು ಅಲ್ಲೇ ಇತ್ತು ಎಂದು ಏದುಸಿರಿನಲ್ಲಿ ಸಿದ್ಧಾಂತ ಮಂಡಿಸಿದೆ. ಕೂಸು ಫೋಟೊವನ್ನು ಇನ್ನಷ್ಟು ದೊಡ್ಡದು ಮಾಡಿ ಬಾಲದ ಕಡೆ ಸರಿಸಿತು. ಗಣಿತದಲ್ಲಿ ತೊಂಬತ್ತೆಂಟು ಸುಮ್ಮನೆ ಬಂದದ್ದಲ್ಲ.

"ಚಿಕ್ಕಪ್ಪ, ಕಡೇ ಜೊತೆ ನೆಲಕ್ಕೇ ತಾಗ್ತಿಲ್ಲೆ."

ನಿಜ. ಜರಿಯ ಕೊನೆಯ ಜೊತೆ ನಡೆಯಲಿಕ್ಕಲ್ಲ. ಹಿಂದಕ್ಕೆ ಚಾಚಿಕೊಂಡು, ಹಿಂಬದಿಯ ಮೀಸೆಯಂತೆ ಸುತ್ತಲಿನದನ್ನು ತಡವುತ್ತ ಎಳೆದುಕೊಂಡು ಹೋಗುವಂಥದ್ದು. ಚುಚ್ಚುವುದನ್ನು ಕಾಲೆಂದು ಒಳಗೆ ಸೇರಿಸಿಕೊಂಡ ನನಗೆ ತಡವುವುದನ್ನು ಹೊರಗೆ ಹಾಕಲು ನಾಲಗೆ ಬರಲಿಲ್ಲ. ಎಲ್ಲ ಕೇಳುತ್ತಿದ್ದ ದೊಡ್ಡಮ್ಮನಿಗೆ ಬಂತು.

"ನಡಿಯದ್ದೆ ಇಪ್ಪ ಕಾಲಿಗೆ ಎಂತಾ ಮಾರ್ಕ್ಸು ತಮಾ? ಕಳಿ ಎರಡು."

ಮತ್ತೆ ತೊಂಬತ್ತೆಂಟು.

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಹಾಳೆಯ ಮೇಲಿನದು ಅಂಚಿನ ತನಕ ಹೋಗಿ ಮೀಸೆ ಆಡಿಸಿ ಹಿಂದಿರುಗಿತು. ಕೂಸು ಮೊಬೈಲು ಕೆಳಗಿಟ್ಟು, ಚಾಚಿ ಇಟ್ಟುಕೊಂಡಿದ್ದ ದೊಡ್ಡಮ್ಮನ ಎರಡೂ ಮಂಡಿಗಳನ್ನು ನೋಡಿ ಕೇಳಿತು:

"ಹಂಗಾರೆ ಅಜ್ಜಿ, ನಿಂಗೆಷ್ಟು ಮಾರ್ಕ್ಸು?"

ದೊಡ್ಡಮ್ಮ ಕವಳದ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಅಡಿಕೆಯೊಂದನ್ನು ಎತ್ತಿ, ಕತ್ತರಿಗೆ ಕೊಟ್ಟು, ಎರಡು ಹೋಳು ಮಾಡುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ಇನ್ನೊಂದ್ ಸಲ ಎಣಸು."